ಹಳೆಯ ಎಳೆಗೆ ಹೊಸ ಎಳೆ: ಮನೆಯಲ್ಲಿ ಮಕ್ಕಳಿಗೆ ಒಳ್ಳೆಯ ರೂಢಿ ಹಚ್ಚುವುದು ಹೇಗೆ

ನನ್ನ ಮಗನಿಗೆ ಆಗ ನಾಲ್ಕು ವರ್ಷ. ಇಳಕಲ್‌ನ ನಮ್ಮ ಮನೆಯ ಪಡಸಾಲೆಯಲ್ಲೇ ಕುಣಿಮಗ್ಗ ಇದೆ, ಅಂದರೆ ನೆಲದ ಕುಣಿಯಲ್ಲಿ ಕಾಲಿಟ್ಟು ಕೂತು ಸೀರೆ ನೇಯುವ ಮಗ್ಗ. ಒಂದು ಮಧ್ಯಾಹ್ನ ಅವನು ಮಗ್ಗದ ಪಕ್ಕ ಕೂತು, ಎಡಗೈ ಅಂಗೈ ಮೇಲೆ ಬಲಗೈ ಹೆಬ್ಬೆರಳು ತಿಕ್ಕುತ್ತಿದ್ದ. ಆಮೇಲೆ ಧೂಳು ಹಾರಿಸುವವರಂತೆ ಎರಡು ಸಲ ಕೈ ತಟ್ಟಿದ. ಕೆಳತುಟಿ ಎಳೆದು, ಅಂಗೈಯಲ್ಲಿ ಇಲ್ಲದ ಚಿಟಿಕೆಯನ್ನು ಅದರೊಳಗೆ ಇಟ್ಟುಕೊಂಡ. ನಮ್ಮ ಯಜಮಾನರು ದಿನಕ್ಕೆ ಹತ್ತಾರು ಸಲ ಹೀಗೆ ತಂಬಾಕು, ಸುಣ್ಣ ತಿಕ್ಕುತ್ತಿದ್ದರು. ಮಗನಿಗೆ ಯಾರೂ ಕಲಿಸಿರಲಿಲ್ಲ. ಆದರೂ ಒಂದೂ ತಪ್ಪದೆ ಎಲ್ಲವನ್ನೂ ಕಲಿತಿದ್ದ.

ಅದೇ ಹುಡುಗನಿಗೆ ಊಟಕ್ಕೆ ಮೊದಲು ಕೈ ತೊಳೆ ಅಂತ ನಾನು ಎರಡು ವರ್ಷದಿಂದ ಹೇಳುತ್ತಿದ್ದೆ. ಅದನ್ನು ಕಲಿತಿರಲಿಲ್ಲ.

ಆ ದಿನ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ರಾತ್ರಿ ಯಜಮಾನರಿಗೆ ಹೇಳಿದೆ. ಅವರು ಏನೂ ಮಾತಾಡಲಿಲ್ಲ, ಆದರೆ ಊಟ ಅರ್ಧಕ್ಕೇ ಬಿಟ್ಟರು. ಇದಾಗಿ ಐದು ವರ್ಷ ಆಯಿತು. ಮಗಳಿಗೆ ಈಗ ಹನ್ನೊಂದು, ಮಗನಿಗೆ ಒಂಬತ್ತು. ಈ ಐದು ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾವುದು ಹಿಡಿಯಿತು, ಯಾವುದು ಹಿಡಿಯಲಿಲ್ಲ ಅನ್ನುವುದನ್ನು ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಮಗ್ಗ ಇಲ್ಲದಿರಬಹುದು. ಆದರೆ ಬಚ್ಚಲು, ಫೋನು, ಶಾಲೆಯ ಚೀಲ ಎಲ್ಲರ ಮನೆಯಲ್ಲೂ ಇರುತ್ತವೆ ಅಲ್ವಾ?

ಮೊದಲು ದೊಡ್ಡವರ ಜೋಳಿಗೆ

ನಮ್ಮೂರಿನ ಚಿತ್ತರಗಿ ಮಠದ ಮಹಾಂತ ಸ್ವಾಮೀಜಿ ಊರೂರಿಗೆ ಜೋಳಿಗೆ ಹಿಡಿದು ಹೋಗುತ್ತಿದ್ದರು. ಅವರು ಕೇಳುತ್ತಿದ್ದದ್ದು ಕಾಳಲ್ಲ, ರೊಕ್ಕ ಅಲ್ಲ. ನಿಮ್ಮ ಚಟಗಳನ್ನು ಈ ಜೋಳಿಗೆಗೆ ಹಾಕಿರಿ ಅಂತ ಬೇಡುತ್ತಿದ್ದರು. ಜನ ಬೀಡಿ, ಗುಟಕಾ ಹಾಕಿ, ಇನ್ನು ಮುಟ್ಟುವುದಿಲ್ಲ ಅಂತ ಮಾತು ಕೊಡುತ್ತಿದ್ದರು. ಮಹಾಂತ ಜೋಳಿಗೆ ಅಂತಲೇ ಅದಕ್ಕೆ ಹೆಸರು. ಸ್ವಾಮೀಜಿ 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ದಿನ ಆಗಸ್ಟ್ 1. ಅದನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನ ಅಂತ ಆಚರಿಸುತ್ತಾರೆ.

ನಾನು ಹಳೆಯ ಸೀರೆಯ ತುಂಡಿನಲ್ಲಿ ಒಂದು ಸಣ್ಣ ಜೋಳಿಗೆ ಹೊಲಿದು ದೇವರ ಮನೆಯ ಮೊಳೆಗೆ ತೂಗುಹಾಕಿದೆ. ನೀವೂ ಹೀಗೆ ಮಾಡುವುದಾದರೆ ಮೂರು ಮಾತು ನೆನಪಿಡಿ. ಮೊದಲ ಚೀಟಿ ದೊಡ್ಡವರದ್ದೇ ಆಗಿರಲಿ. ಒಬ್ಬರ ಚಟವನ್ನು ಇನ್ನೊಬ್ಬರು ಬರೆದು ಹಾಕುವ ಹಾಗಿಲ್ಲ. ಒಮ್ಮೆ ಹಾಕಿದ ಚೀಟಿಯನ್ನು ಜಗಳದ ಹೊತ್ತಿನಲ್ಲಿ ತೆಗೆದು ಹಂಗಿಸುವ ಹಾಗಿಲ್ಲ. ಮೂರನೆಯದು ಬಹಳ ಕಷ್ಟ. ಆದರೆ ಅದು ಮುರಿದ ದಿನವೇ ಜೋಳಿಗೆ ಸುಮ್ನೆ ಒಂದು ಬಟ್ಟೆಯ ಚೀಲ ಆಗಿಬಿಡುತ್ತದೆ.

ಯಜಮಾನರು ತಂಬಾಕು ಅಂತ ಬರೆದು ಹಾಕಿದರು. ನಾನು ಕೂಗಾಡುವುದು ಅಂತ ಬರೆದೆ. ಮಕ್ಕಳು ಇಬ್ಬರನ್ನೂ ನೋಡುತ್ತಾ ನಿಂತಿದ್ದರು. ಮಗಳು ಒಂದು ವಾರ ಯೋಚಿಸಿ, ಉಗುರು ಕಚ್ಚುವುದು ಅಂತ ಬರೆದಳು.

ತಂಬಾಕು ಒಂದೇ ಸಲಕ್ಕೆ ಬಿಡಲಿಲ್ಲ. ಮೂರು ಸಲ ಬಿಟ್ಟು ಎರಡು ಸಲ ಮತ್ತೆ ಹಿಡಿದರು. ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಏನಾದರೂ ಬೇಕು ಅಂದರು. ಮಗ್ಗದ ಪಕ್ಕ ಒಂದು ಡಬ್ಬಿಯಲ್ಲಿ ಲವಂಗ, ಬಡೇಸೋಪು ಇಟ್ಟೆ. ತಂಬಾಕು ಬಿಡಬೇಕು ಅನ್ನುವವರಿಗೆ 1800-11-2356 ಅಂತ ಒಂದು ಸಹಾಯವಾಣಿ ಇದೆ, ಕರೆಗೆ ದುಡ್ಡು ಬೀಳುವುದಿಲ್ಲ. ನಿಮ್ಮ ಮನೆಯಲ್ಲೂ ಯಾರಾದರೂ ತಿಕ್ಕುವವರು, ಸೇದುವವರು ಇದ್ದರೆ ಈ ನಂಬರನ್ನು ಗೋಡೆ ಮೇಲೆ ಬರೆದಿಡಿ. ಅಪ್ಪ ಸೋತದ್ದನ್ನೂ, ಮತ್ತೆ ಎದ್ದದ್ದನ್ನೂ ಮಕ್ಕಳು ನೋಡಿದರು. ನಾನು ಸಾವಿರ ಮಾತು ಹೇಳಿದ್ದರೂ ಅಷ್ಟು ಕಲಿಯುತ್ತಿರಲಿಲ್ಲ.

ಒಂದು ಸಲಕ್ಕೆ ಒಂದೇ ರೂಢಿ

ಮೊದಮೊದಲು ನಾನು ಒಂದು ಟೈಮ್ ಟೇಬಲ್ ಬರೆದು ಗೋಡೆಗೆ ಹಚ್ಚಿದ್ದೆ. ಆರು ಗಂಟೆಗೆ ಇದು, ಆರೂಕಾಲಿಗೆ ಅದು, ಒಟ್ಟು ಹನ್ನೊಂದು ಸಾಲು. ಒಂದು ವಾರ ನಡೆಯಿತು. ಎಂಟನೇ ದಿನ ಯಾರೂ ಗೋಡೆ ನೋಡಲಿಲ್ಲ. ತಪ್ಪು ಮಕ್ಕಳದ್ದಲ್ಲ. ಗಡಿಯಾರ ನೋಡಿ ಬದುಕುವ ಮನೆಯೇ ನಮ್ಮದಲ್ಲ. ನಮ್ಮಲ್ಲಿ ಹೊತ್ತು ಗೊತ್ತಾಗುವುದು ಸದ್ದಿನಿಂದ, ಕೆಲಸದಿಂದ.

ದಾರಿ ತೋರಿಸಿದ್ದು ನಮ್ಮ ಸೀರೆಯೇ. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳಿಗೆ ಹಾಸು ಅಂತಾರೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮಗ್ಗದ ಮೇಲೆ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕುಣಿಕೆ ಹಾಕಿ ಕೂಡಿಸುತ್ತಾರೆ. ಇದಕ್ಕೆ ಟೋಪ ತೆನಿ ಅಂತಾರೆ. ಸೆರಗಿನ ಎಳೆ ಗಾಳಿಯಲ್ಲಿ ತಾನೇ ನಿಲ್ಲುವುದಿಲ್ಲ. ಬಿಗಿಯಾಗಿ ನಿಂತಿರುವ ಇನ್ನೊಂದು ಎಳೆಗೇ ಅದನ್ನು ಕೂಡಿಸಬೇಕು. ಹೊಸ ರೂಢಿಯೂ ಹಾಗೇ. ನಿಮ್ಮ ಮನೆಯಲ್ಲಿ ದಿನಾ ತಪ್ಪದೆ ಆಗುವ ಕೆಲಸ ಯಾವುದು ಅಂತ ಮೊದಲು ಹುಡುಕಿ. ಹೊಸದನ್ನು ಅದಕ್ಕೆ ಕಟ್ಟಿ.

ನಮ್ಮಲ್ಲಿ ಬೆಳಿಗ್ಗೆ ಆರಕ್ಕೆ ಮಗ್ಗದ ಸದ್ದು ಶುರುವಾಗುತ್ತದೆ. ಆ ಸದ್ದು ಕೇಳಿದರೆ ಹಲ್ಲು ಉಜ್ಜಬೇಕು. ಸಂಜೆ ಅತ್ತೆಯವರು ದೀಪ ಹಚ್ಚುತ್ತಾರೆ. ದೀಪ ಹಚ್ಚಿದರೆ ಪುಸ್ತಕ ತೆಗೆಯಬೇಕು. ರಾತ್ರಿ ಹಾಸಿಗೆ ಹಾಸುವ ಮೊದಲು ನಾಳೆಯ ಶಾಲೆಯ ಚೀಲ ತುಂಬಬೇಕು. ಚೀಲ ತುಂಬದೆ ಹಾಸಿಗೆ ಬಿಚ್ಚುವುದಿಲ್ಲ. ಹಾಲು ಹಾಕುವವರು ಬರುವ ಹೊತ್ತು, ನೀರು ಬಿಡುವ ಹೊತ್ತು, ಅಪ್ಪ ಗಾಡಿ ನಿಲ್ಲಿಸುವ ಸದ್ದು, ಹೀಗೆ ನಿಮ್ಮ ಮನೆಯಲ್ಲೂ ಒಂದು ಗಟ್ಟಿ ಎಳೆ ಇದ್ದೇ ಇರುತ್ತದೆ.

ಇವೆಲ್ಲ ಒಟ್ಟಿಗೆ ಬಂದದ್ದಲ್ಲ. ಹಲ್ಲು ಉಜ್ಜುವುದು ಗಟ್ಟಿಯಾಗಲು ಎರಡು ತಿಂಗಳು ಹಿಡಿಯಿತು. ಆಮೇಲೆ ದೀಪ ಮತ್ತು ಪುಸ್ತಕ. ಚೀಲದ್ದು ಅದಕ್ಕೂ ಆಮೇಲೆ. ಇಪ್ಪತ್ತೊಂದು ದಿನ ಮಾಡಿದರೆ ಯಾವುದೇ ರೂಢಿ ಬಂದುಬಿಡುತ್ತದೆ ಅಂತ ಹೇಳುವವರಿದ್ದಾರೆ. ಅದನ್ನು ನಂಬಿ ಇಪ್ಪತ್ತೆರಡನೇ ದಿನ ನಾನು ಮಗನ ಮೇಲೆ ರೇಗಿದ್ದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರ ಮೇಲೆ ಮಾಡಿದ ಅಧ್ಯಯನವೊಂದು 2009ರಲ್ಲಿ ಹೊರಬಂತು. ಒಂದು ರೂಢಿ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರ ಲೆಕ್ಕ 254 ದಿನದವರೆಗೂ ಹೋಯಿತು. ಅವರೆಲ್ಲ ದೊಡ್ಡವರು. ದೊಡ್ಡವರಿಗೇ ಅಷ್ಟು ದಿನ ಬೇಕಾದರೆ, ಮಗುವಿಗೆ ಮೂರು ವಾರದ ಗಡುವು ಕೊಡುವುದು ಸರಿಯಲ್ಲ.

ಕೈಗೆ ಎಟುಕಬೇಕು

ಕೈ ತೊಳೆಯುವ ವಿಷಯಕ್ಕೆ ಬರುತ್ತೇನೆ. ಎರಡು ವರ್ಷ ಹೇಳಿದರೂ ಮಗ ಯಾಕೆ ತೊಳೆಯುತ್ತಿರಲಿಲ್ಲ? ಒಂದು ದಿನ ಬಚ್ಚಲಲ್ಲಿ ಅವನ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಸಾಬೂನು ಇದ್ದದ್ದು ಗೋಡೆಯ ಗೂಡಿನಲ್ಲಿ, ನನ್ನ ಹೆಗಲಿನ ಮಟ್ಟಕ್ಕೆ. ನೀರು ಇದ್ದದ್ದು ಮುಚ್ಚಳ ಹಾಕಿದ ದೊಡ್ಡ ಬ್ಯಾರಲ್‌ನಲ್ಲಿ. ನಳ ನಮ್ಮಲ್ಲಿ ದಿನಾ ಬರುವುದಿಲ್ಲ, ತುಂಬಿಟ್ಟುಕೊಳ್ಳಲೇಬೇಕು. ಆ ಮುಚ್ಚಳ ಎತ್ತಲು ಅವನಿಂದ ಆಗುತ್ತಿರಲಿಲ್ಲ. ಅಂದರೆ ಕೈ ತೊಳೆಯಬೇಕಾದರೆ ಪ್ರತಿ ಸಲ ನನ್ನನ್ನು ಕರೆಯಬೇಕು. ರೊಟ್ಟಿ ಬಡಿಯುತ್ತಿದ್ದ ನಾನು 'ತಡಿ, ಬಂದೆ' ಅನ್ನುತ್ತಿದ್ದೆ. ಹಸಿದ ಮಗು ಎಷ್ಟು ಹೊತ್ತು ಕಾಯುತ್ತದೆ?

ಅವತ್ತೇ ಸಾಬೂನಿನ ತುಂಡನ್ನು ಬಲೆಚೀಲದಲ್ಲಿ ಕಟ್ಟಿ ಅವನ ಎದೆಮಟ್ಟಕ್ಕೆ ತೂಗುಹಾಕಿದೆ. ಪಕ್ಕದಲ್ಲಿ ಸಣ್ಣ ಬಕೆಟ್, ಅದರಲ್ಲಿ ಒಂದು ಚರಗಿ. ಸಾಬೂನು ಹಚ್ಚಿ ಒಂದರಿಂದ ಇಪ್ಪತ್ತರವರೆಗೆ ನಿಧಾನ ಎಣಿಸುತ್ತಾ ತಿಕ್ಕಬೇಕು. ಬೆರಳ ಸಂದಿ, ಉಗುರಿನ ಬುಡ, ಅಂಗೈ ಹಿಂಭಾಗ ಎಲ್ಲಾ ಬರಬೇಕು. ಇಪ್ಪತ್ತು ಸೆಕೆಂಡು ಆಗುತ್ತದೆ. ಒಬ್ಬರ ಕೈಗೆ ಇನ್ನೊಬ್ಬರು ನೀರು ಹಾಕಿದರೆ ಒಂದು ಚರಗಿ ನೀರು ಇಬ್ಬರಿಗೂ ಸಾಕು. ಅದರಿಂದ ಅಕ್ಕ ತಮ್ಮ ಒಟ್ಟಿಗೆ ತೊಳೆಯುವುದೂ ರೂಢಿಯಾಯಿತು.

ಕಾರಣ ಹೇಳುವಾಗಲೂ ಮಗುವಿನ ಕಣ್ಣಿಗೆ ಕಾಣುವ ಕಾರಣ ಹೇಳಿ. ರೋಗಾಣು ಅಂದರೆ ಅವನಿಗೆ ಏನೂ ಕಾಣಲಿಲ್ಲ. ಒಂದು ಸಂಜೆ ಮಿರ್ಚಿ ತಿಂದ ಕೈಯಲ್ಲೇ ಬಿಳಿ ರೇಷ್ಮೆಯ ನೂಲು ಸುತ್ತಿದ ಕಂಡಿಕೆ ಮುಟ್ಟಿದ. ಬೆರಳಿನ ಎಣ್ಣೆ ಗುರುತು ಹಾಗೇ ಕೂತಿತು. ನಾನು ಬಯ್ಯಲಿಲ್ಲ. ಆ ಕಂಡಿಕೆಯನ್ನು ಬೆಳಕಿಗೆ ಹಿಡಿದು ತೋರಿಸಿದೆ. ನೂಲಿಗೆ ಹತ್ತಿದ್ದು ಕಾಣುತ್ತದೆ, ಹೊಟ್ಟೆಗೆ ಹೋದದ್ದು ಕಾಣುವುದಿಲ್ಲ ಅಂದೆ. ಅವನು ತನ್ನ ಬೆರಳು ತಿರುಗಿಸಿ ತಿರುಗಿಸಿ ನೋಡಿಕೊಂಡ. ಅಲ್ಲಿಂದ ಹೇಳುವುದು ಅರ್ಧಕ್ಕರ್ಧ ಕಡಿಮೆಯಾಯಿತು.

ಚೀಲ ತೂಗುಹಾಕುವ ಮೊಳೆ, ಚಪ್ಪಲಿ ಇಡುವ ಜಾಗ, ಒಗೆಯಲು ಹಾಕುವ ಬಟ್ಟೆಯ ಬುಟ್ಟಿ, ಕುಡಿಯುವ ನೀರಿನ ಲೋಟ, ಎಲ್ಲವನ್ನೂ ಹೀಗೇ ಕೂತು ನೋಡಿ. ಮಗುವಿಗೆ ಎಟುಕದ ಮೊಳೆ ಇದ್ದರೆ ಚೀಲ ನೆಲದ ಮೇಲೆಯೇ ಬೀಳುತ್ತದೆ.

ಹಲ್ಲಿನ ಬಗ್ಗೆ ಒಂದು ಮಾತು. ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿ ಕಾಳಷ್ಟು ಪೇಸ್ಟ್ ಸಾಕು, ಆಮೇಲೆ ಬಟಾಣಿ ಕಾಳಷ್ಟು. ಏಳೆಂಟು ವರ್ಷದವರೆಗೆ ದೊಡ್ಡವರು ಪಕ್ಕದಲ್ಲಿ ನಿಂತು ಹಿಂದಿನ ಹಲ್ಲನ್ನು ಒಮ್ಮೆ ಉಜ್ಜಿಕೊಡಬೇಕು. ಆರರ ಸುಮಾರಿಗೆ ಹಿಂದೆ ಬರುವ ದವಡೆ ಹಲ್ಲು ಹಾಲುಹಲ್ಲಲ್ಲ, ಅದು ಬಿದ್ದು ಮತ್ತೆ ಬರುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ. ಮಗಳ ಒಂದು ಹಲ್ಲು ಹುಳುಕಾದ ಮೇಲೆ ಗೊತ್ತಾಯಿತು. ರಾತ್ರಿ ಉಜ್ಜುವುದನ್ನು ಬಿಡಬೇಡಿ, ಬೆಳಿಗ್ಗೆಯದಕ್ಕಿಂತ ಅದೇ ಮುಖ್ಯ.

ಫೋನು ಮಲಗುವ ಗೂಡು

ಇದು ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಜಗಳ ತಂದ ವಿಷಯ. ಸೀರೆಯ ಬಣ್ಣ, ದಡಿ ಎಲ್ಲದರ ಫೋಟೋ ಈಗ ವಾಟ್ಸಾಪ್‌ನಲ್ಲೇ ಬರುತ್ತದೆ. ಸೀರೆ ನೇಯಿಸುವ ಸಾವಕಾರರು ಯಾವಾಗ ಬೇಕಾದರೂ ಫೋನ್ ಮಾಡುತ್ತಾರೆ. ಫೋನ್ ಬಿಟ್ಟು ಬದುಕು ಇಲ್ಲ. ಆದರೆ ಬಣ್ಣ ನೋಡಲು ತೆಗೆದ ಫೋನು ರೀಲ್ಸ್ ನೋಡುತ್ತಾ ಅರ್ಧ ಗಂಟೆ ಕೈಯಲ್ಲೇ ಉಳಿಯುತ್ತಿತ್ತು. ಅದನ್ನು ಮಕ್ಕಳು ನೋಡುತ್ತಿದ್ದರು.

ಪಡಸಾಲೆಯ ಗೋಡೆಯಲ್ಲಿ ಹಿಂದೆ ದೀಪ ಇಡುತ್ತಿದ್ದ ಒಂದು ಗೂಡು ಇದೆ. ಸಂಜೆ ಏಳರಿಂದ ಎಲ್ಲರ ಫೋನೂ ಅಲ್ಲಿ ಮಲಗಬೇಕು ಅಂತ ಮಾಡಿದೆವು. ಕರೆ ಬಂದರೆ ಹೋಗಿ ಅಲ್ಲೇ ನಿಂತು ಮಾತಾಡಿ, ಅಲ್ಲೇ ಇಟ್ಟು ಬರಬೇಕು. ನಿಂತು ಮಾತಾಡುವಾಗ ಮಾತು ತಾನೇ ಚಿಕ್ಕದಾಗುತ್ತದೆ. ಮೊದಲ ವಾರ ಎಲ್ಲರಿಗೂ ಕೈ ಖಾಲಿ ಖಾಲಿ. ಮಗಳು ಚೌಕಾಬಾರದ ಮನೆ ಬರೆದಳು, ಅತ್ತೆಯವರು ಕವಡೆ ತೆಗೆದರು. ಫೋನು ಕಿತ್ತುಕೊಂಡು ಸುಮ್ಮನೆ ಕೂರು ಅಂದರೆ ಯಾವ ಮಗುವೂ ಕೂರುವುದಿಲ್ಲ. ಕೈಗೆ ಬೇರೆ ಏನನ್ನಾದರೂ ಮೊದಲೇ ಸಿದ್ಧ ಇಟ್ಟುಕೊಳ್ಳಿ.

ಒಂದು ರಾತ್ರಿ ನಾನು ಅಡುಗೆ ಮನೆಯಲ್ಲಿ ನಿಂತು ತಂಗಿಯ ಮೆಸೇಜ್ ಓದುತ್ತಿದ್ದೆ. ಮಗ ಬಂದು, "ಯವ್ವಾ, ನಿನ್ನ ಫೋನ್ ಇನ್ನಾ ಮಲಗಿಲ್ಲ" ಅಂದ. ನಾನು ನೆಪ ಹೇಳಲಿಲ್ಲ. ಹೋಗಿ ಗೂಡಿನಲ್ಲಿ ಇಟ್ಟೆ. ಮಗು ನಮ್ಮನ್ನು ತಿದ್ದಿದಾಗ ತಲೆಬಾಗಬೇಕು. 'ದೊಡ್ಡವರಿಗೆ ಎದುರಾಡ್ತೀಯಾ' ಅಂದರೆ ಆ ನಿಯಮ ಅಲ್ಲಿಗೇ ಸತ್ತಂತೆ.

ಮನೆಯಲ್ಲಿ ಇನ್ನೂ ಸಣ್ಣ ಕೂಸು ಇದ್ದರೆ ಇದು ಗೊತ್ತಿರಲಿ: ಎರಡರಿಂದ ನಾಲ್ಕು ವರ್ಷದವರಿಗೆ ಟೀವಿ, ಫೋನು ಎಲ್ಲಾ ಸೇರಿ ದಿನಕ್ಕೆ ಒಂದು ಗಂಟೆ ಮೀರಬಾರದು, ಒಂದು ವರ್ಷದ ಕೂಸಿಗೆ ಬೇಡವೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಊಟ ಮಾಡಿಸಲು ಫೋನ್ ಹಿಡಿಸುವ ರೂಢಿ ಮಾತ್ರ ಶುರು ಮಾಡಲೇಬೇಡಿ. ನಾವು ಮಗಳಿಗೆ ಮಾಡಿದ್ದೆವು, ಬಿಡಿಸಲು ಬಹಳ ಅತ್ತಳು.

ಫೋನು ಬೇಗ ಮಲಗಿದರೆ ನಿದ್ದೆ ತಾನೇ ಸರಿಹೋಗುತ್ತದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಆರಕ್ಕೆ ಏಳಬೇಕಾದರೆ ರಾತ್ರಿ ಒಂಬತ್ತರೊಳಗೆ ಕಣ್ಣು ಮುಚ್ಚಿರಬೇಕು. ಅಷ್ಟೇ ಲೆಕ್ಕ.

ತಟ್ಟೆ, ಮತ್ತು ಆಯಿ

ಊಟದಲ್ಲಿ ನಾನು ಒಂದೇ ಒಂದು ನಿಯಮ ಇಟ್ಟಿದ್ದೇನೆ. ಮಾಡಿದ್ದನ್ನೆಲ್ಲ ತಟ್ಟೆಗೆ ಒಂದು ಚಮಚ ಹಾಕುತ್ತೇನೆ, ತಿನ್ನಲೇಬೇಕು ಅಂತ ಒತ್ತಾಯ ಇಲ್ಲ. ಹೊಸ ರುಚಿ ಮಕ್ಕಳಿಗೆ ಹಿಡಿಸಲು ಎಂಟು ಹತ್ತು ಸಲ, ಕೆಲವೊಮ್ಮೆ ಹದಿನೈದು ಸಲವೂ ತಟ್ಟೆಯಲ್ಲಿ ಕಾಣಬೇಕಾಗುತ್ತದೆ. ಹಸಿ ಮೆಂತ್ಯೆ ಸೊಪ್ಪನ್ನು ಮಗ ಎಷ್ಟೋ ಸಲ ಪಕ್ಕಕ್ಕೆ ಸರಿಸಿದ. ಒಂದು ದಿನ ಅಪ್ಪ ರೊಟ್ಟಿ, ಶೇಂಗಾ ಹಿಂಡಿ, ಮೊಸರಿನ ಜೊತೆ ನಂಚಿಕೊಳ್ಳುವುದನ್ನು ನೋಡಿ ತಾನೇ ಒಂದು ಎಲೆ ಕಿತ್ತು ಬಾಯಿಗಿಟ್ಟ.

ಕಷ್ಟ ಇದ್ದದ್ದು ಐದು ರೂಪಾಯಿ ಪಾಕೀಟಿನದು. ಶಾಲೆಯಿಂದ ಬಂದ ಕೂಡಲೇ ಅವರ ಆಯಿ, ಅಂದರೆ ನಮ್ಮ ಅತ್ತೆಯವರು, ಸೊಂಟದ ಚೀಲದಿಂದ ರೊಕ್ಕ ತೆಗೆದು ಕೊಡುತ್ತಿದ್ದರು. ನಾನು ಬೇಡ ಅಂದರೆ, "ಒಂದ ದಿನಾ ತಿಂದ್ರ ಏನಾಗ್ತೈತಿ ಬಿಡವಾ" ಅನ್ನುತ್ತಿದ್ದರು. ಪ್ರತಿ ದಿನವೂ ಒಂದು ದಿನವೇ ಆಗುತ್ತಿತ್ತು. ಮಕ್ಕಳ ಮುಂದೆ ಅವರ ಜೊತೆ ವಾದ ಮಾಡಿ ನೋಡಿದೆ. ಅತ್ತೆಯವರಿಗೆ ಬೇಜಾರಾಯಿತು, ಮಕ್ಕಳಿಗೆ ಆಯಿಯ ಬಲ ಇದೆ ಅಂತ ಗೊತ್ತಾಯಿತು.

ಆಮೇಲೆ ಒಂದು ದಿನ ಇಬ್ಬರೇ ಇದ್ದಾಗ ಕೇಳಿದೆ. "ಅತ್ತಿ, ಸಂಜಿಗೆ ಇವರನ್ನ ನೀವ ನೋಡ್ಕೋರಿ. ನನ್ನ ಮಾತು ಕೇಳಂಗಿಲ್ಲ, ನಿಮ್ಮ ಮಾತು ಕೇಳ್ತಾರ" ಅಂದೆ. ಅದು ನಿಜವೇ ಆಗಿತ್ತು. ಡಬ್ಬಿಯಲ್ಲಿ ಚುರುಮುರಿ, ಹುರಿದ ಶೇಂಗಾ, ಮಹಾಲಿಂಗಪುರದ ಬೆಲ್ಲ ತುಂಬಿ ಅವರ ಕೈಗೆ ಕೊಟ್ಟೆ. ಕೊಡುವ ಸಂತೋಷ ಅವರದ್ದೇ ಆಗಿ ಉಳಿಯಿತು, ಕೊಡುವ ವಸ್ತು ಮಾತ್ರ ಬದಲಾಯಿತು. ದೀಪ ಹಚ್ಚಿ ಮಕ್ಕಳನ್ನು ಕೂರಿಸುವ ಕೆಲಸವೂ ಅವತ್ತಿನಿಂದ ಅವರದ್ದೇ. ಅಜ್ಜಿ ತಾತ ಇರುವ ಮನೆಯಲ್ಲಿ ಅವರನ್ನು ಬಿಟ್ಟು ಯಾವ ರೂಢಿಯೂ ನಿಲ್ಲುವುದಿಲ್ಲ. ಅವರಿಗೆ ಒಂದು ಜವಾಬ್ದಾರಿ ಕೊಡಿ, ಉಪದೇಶ ಕೊಡಬೇಡಿ.

ರೊಕ್ಕ ಕೊಟ್ಟು ಕಲಿಸಬೇಡಿ

ಒಂದು ಬೇಸಿಗೆಯಲ್ಲಿ, ದಿನಾ ಎರಡು ಪುಟ ಓದಿದರೆ ಹತ್ತು ರೂಪಾಯಿ ಅಂತ ಮಗನಿಗೆ ಹೇಳಿದ್ದೆ. ಓದಿದ. ನಾನು ಖುಷಿಪಟ್ಟೆ. ಹದಿನೈದು ದಿನ ಕಳೆದ ಮೇಲೆ, ಆಯಿಗೆ ಒಂದು ಲೋಟ ನೀರು ಕೊಡಪ್ಪಾ ಅಂದೆ. "ಎಷ್ಟ ಕೊಡ್ತಿ?" ಅಂತ ಕೇಳಿದ. ಅವನು ತಮಾಷೆ ಮಾಡುತ್ತಿರಲಿಲ್ಲ. ಅವತ್ತೇ ಆ ಲೆಕ್ಕ ನಿಲ್ಲಿಸಿದೆ. ಓದು ಕೆಲವು ದಿನ ನಿಂತೇ ಹೋಯಿತು. ಮತ್ತೆ ಶುರುವಾದದ್ದು ನಾನು ಪಕ್ಕದಲ್ಲಿ ಕೂತು ಒಂದು ಪುಟ ನಾನು, ಒಂದು ಪುಟ ಅವನು ಅಂತ ಜೋರಾಗಿ ಓದಲು ಶುರುಮಾಡಿದ ಮೇಲೆ.

ಹೊಗಳುವುದಾದರೆ ಮಾಡಿದ ಕೆಲಸವನ್ನು ಹೆಸರಿಟ್ಟು ಹೇಳಿ. 'ಶಾಣ್ಯಾ ಇದ್ದಿ' ಅಂದರೆ ಏನು ಮಾಡಿದ್ದಕ್ಕೆ ಅಂತ ಮಗುವಿಗೆ ತಿಳಿಯುವುದಿಲ್ಲ. 'ನಾ ಹೇಳದೆ ಚೀಲ ತುಂಬೀಯಲ್ಲ' ಅಂದರೆ ತಿಳಿಯುತ್ತದೆ.

ನಿಜ ಹೇಳುವ ರೂಢಿ ಎಲ್ಲಕ್ಕಿಂತ ನಾಜೂಕಿನದು. ಅದನ್ನು ಬೆಳೆಸುವುದೂ ನಾವೇ, ಕೆಡಿಸುವುದೂ ನಾವೇ. ಮಕ್ಕಳು ಮಗ್ಗದ ಹತ್ತಿರ ಚೆಂಡು ಆಡುತ್ತಿದ್ದಾಗ ಒಮ್ಮೆ ಹಾಸಿನ ಎಳೆಗಳು ಹರಿದವು. ಮಗ ಬಂದು ನಿಜ ಹೇಳಿದ. ಯಜಮಾನರ ಮುಖ ಕೆಂಪಾಯಿತು. ಅರ್ಧ ದಿನದ ಕೆಲಸ ಹಾಳಾಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಿದ್ದು ಚಲೋ ಆತು. ಈಗ ಇಲ್ಲೇ ಕೂಡು" ಅಂದರು. ಒಂದೊಂದೇ ಎಳೆ ಹುಡುಕಿ ಕೂಡಿಸುವವರೆಗೆ ಮಗ ಪಕ್ಕದಲ್ಲಿ ಕೂತು ಬ್ಯಾಟರಿ ಹಿಡಿದ. ಹೊಡೆದಿದ್ದರೆ ಮುಂದಿನ ಸಲ ಅವನು ಹೇಳುತ್ತಿರಲಿಲ್ಲ. ಸುಮ್ಮನೆ ಬಿಟ್ಟಿದ್ದರೆ ಹರಿದ ಎಳೆ ಕೂಡಿಸಲು ಎಷ್ಟು ಹೊತ್ತು ಬೇಕು ಅಂತ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಜಾತ್ರೆಯಿಂದ ಬಂದ ಮೇಲೆ

ಇಷ್ಟೆಲ್ಲ ಮಾಡಿದರೂ ಮುರಿಯುವ ದಿನ ಬರುತ್ತದೆ. ಮದುವೆ, ಜ್ವರ, ಬೇಸಿಗೆ ರಜೆ. ನಮಗೆ ಪ್ರತಿ ವರ್ಷ ಬನದ ಹುಣ್ಣಿಮೆ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋದರೆ ರಾತ್ರಿಯೆಲ್ಲ ನಾಟಕ, ಬೆಳಿಗ್ಗೆ ಹತ್ತಕ್ಕೆ ಏಳುವುದು, ಬೆಂಡು ಬತ್ತಾಸು, ಹಲ್ಲು ಉಜ್ಜಿದರೆ ಉಜ್ಜಿದೆವು. ಅಲ್ಲಿ ನಾನು ನಿಯಮ ಹೇಳುವುದಿಲ್ಲ. ಜಾತ್ರೆ ಜಾತ್ರೆಯೇ ಆಗಿರಲಿ. ಆ ಲಂಡನ್ನಿನ ಅಧ್ಯಯನದಲ್ಲೂ ಒಂದು ದಿನ ತಪ್ಪಿದ್ದರಿಂದ ರೂಢಿ ಬೆಳೆಯುವುದಕ್ಕೆ ದೊಡ್ಡ ಅಡ್ಡಿ ಆಗಲಿಲ್ಲ.

ಮನೆಗೆ ಬಂದ ಮೇಲೆ ಎಲ್ಲವನ್ನೂ ಒಂದೇ ದಿನ ಸರಿ ಮಾಡಲು ಹೋಗಬೇಡಿ. ಮೊದಲು ನಿದ್ದೆ. ಎರಡು ಮೂರು ರಾತ್ರಿ ಒಂಬತ್ತಕ್ಕೆ ಮಲಗಿಸಿ, ಬೇರೆ ಏನೂ ಕೇಳಬೇಡಿ. ಆಮೇಲೆ ಬೆಳಿಗ್ಗೆಯ ಎಳೆ ಹಿಡಿಯಿರಿ. ಈ ವರ್ಷ ಜಾತ್ರೆಯಿಂದ ಬಂದು ಎರಡು ದಿನ ಮಗ ಎಂಟರವರೆಗೆ ಮಲಗಿದ. ಮೂರನೇ ದಿನ ಎದ್ದ, ಆದರೆ ಮುಖ ಗಂಟು ಹಾಕಿಕೊಂಡು ಕಟ್ಟೆಯ ಮೇಲೆ ಕೂತ. ನಾಲ್ಕನೇ ದಿನ ನಾನು ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಲ್ಲಿ ಮಗ್ಗ ಶುರುವಾಯಿತು. ಸ್ವಲ್ಪ ಹೊತ್ತಿಗೆ ಬಚ್ಚಲಲ್ಲಿ ಚರಗಿಯ ಸದ್ದು ಕೇಳಿತು. ನಾನು ತಿರುಗಿ ನೋಡಲಿಲ್ಲ, ಏನೂ ಅನ್ನಲೂ ಇಲ್ಲ.